ಕಾರಿನ ನೆತ್ತಿಯ ಮೇಲೆ ಹಾಯಿದೋಣಿ

ಸೈರನ್ನು ಕೂಗಿದರೆ ಊರಿಗೆ ಊರೇ ಎದ್ದು ಕೂರುತ್ತಿದ್ದ ಕಾಲವದು. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನ ನಮ್ಮ ಮನೆಯಲ್ಲಿ ಗೋಡೆ ಗಡಿಯಾರ ಇತ್ತು, ಆದರೆ ಅದನ್ನು ಯಾರೂ ನೋಡುತ್ತಿರಲಿಲ್ಲ. ಮೊದಲ ಸೈರನ್ನಿಗೆ ಅಮ್ಮ ಸ್ಟೌ ಹಚ್ಚಬೇಕು. ಎರಡನೆಯದರ ಹೊತ್ತಿಗೆ ನಾನು ಒಂದು ಪುಟ ಕಾಪಿ ಬರೆದು, ತಲೆ ಬಾಚಿ, ಚೀಲ ಬಾಗಿಲ ಪಕ್ಕ ಇಟ್ಟಿರಬೇಕು. ಅಪ್ಪ ಆಗ ಸೈಕಲ್ ಹತ್ತುತ್ತಿದ್ದರು. ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ಏಳನೇ ತರಗತಿ. ಈಗಲೂ ಅಲಾರಂ ಇಲ್ಲದೆ ಐದೂವರೆಗೆ ಏಳುತ್ತೇನೆ. ಆ ಸೈರನ್ನು ಇನ್ನೂ ನನ್ನೊಳಗೆಲ್ಲೋ ಕೂಗುತ್ತಿದೆ ಎಂದುಕೊಳ್ಳುತ್ತೇನೆ.

ಅಪ್ಪ ಕಾರ್ಖಾನೆಯಲ್ಲಿ ಪ್ಯಾಟರ್ನ್ ಮಾಡುವವರು. ಉಕ್ಕಿನಲ್ಲಿ ಏನನ್ನಾದರೂ ಎರಕ ಹೊಯ್ಯುವ ಮೊದಲು ಅದೇ ಆಕಾರವನ್ನು ಮರದಲ್ಲಿ ಮಾಡಬೇಕು. ಆ ಮರವನ್ನು ಮರಳಿನಲ್ಲಿ ಒತ್ತಿ ಅಚ್ಚು ತೆಗೆದು, ಅಚ್ಚಿನೊಳಕ್ಕೆ ಕಾದ ಉಕ್ಕು ಹೊಯ್ಯುತ್ತಾರೆ. ಉಕ್ಕು ಆರುವಾಗ ಕುಗ್ಗುತ್ತದೆ. ಅದಕ್ಕೇ ಮರದ ಆಕಾರ ಅಡಿಗೆ ಕಾಲಿಂಚು ದೊಡ್ಡದಿರಬೇಕು. ಪ್ರತಿ ಸಲ ಲೆಕ್ಕ ಹಾಕುತ್ತಾ ಕೂರುವ ಬದಲು ಅವರು ಬೇರೆಯೇ ಒಂದು ಸ್ಕೇಲು ಇಟ್ಟುಕೊಳ್ಳುತ್ತಿದ್ದರು. ಅದರಲ್ಲಿ ಒಂದು ಅಡಿ ಎಂದು ಬರೆದಿರುವುದು ನಿಜವಾಗಿ ಅಡಿಯ ಮೇಲೆ ಕಾಲಿಂಚು ಇರುತ್ತದೆ. ಶ್ರಿಂಕೇಜ್ ಸ್ಕೇಲು ಎನ್ನುತ್ತಿದ್ದರು. ಅಪ್ಪನ ಕೈಚೀಲದಲ್ಲಿ ಅಂಥದ್ದೊಂದು ಇತ್ತು. ಮನೆಯ ಕೆಲಸಕ್ಕೆ ಮಾಮೂಲಿ ಸ್ಕೇಲು ಬೇರೆ ಇತ್ತು. ಎರಡೂ ನೋಡಲು ಅಕ್ಕತಂಗಿಯರ ಹಾಗೆ.

ಹಿತ್ತಿಲ ಕಡೆಯ ವರಾಂಡದಲ್ಲಿ ಅಪ್ಪ ಗೋಡೆಗೆ ಒಂದು ಹಲಗೆ ಹೊಡೆದಿದ್ದರು. ಉಳಿ, ಗರಗಸ, ಕೀಸುಳಿ, ಬೈರಿಗೆ, ಮನೆಯ ಸ್ಕೇಲು ಎಲ್ಲದರ ಆಕಾರವನ್ನೂ ಅದರ ಮೇಲೆ ಕಪ್ಪು ಬಣ್ಣದಲ್ಲಿ ಬರೆದಿದ್ದರು. ಒಂದೊಂದರ ನೆರಳಿನ ಮೇಲೆ ಅದನ್ನೇ ತೂಗುಹಾಕಬೇಕು. ನನಗೆ ಹತ್ತು ತುಂಬಿದ ದಿನ ಆ ಹಲಗೆಯ ಉಸ್ತುವಾರಿಯನ್ನು ಅಪ್ಪ ನನಗೆ ಕೊಟ್ಟರು. ದಿನಾ ಸಂಜೆ ತೂಗುಹಾಕುವುದು, ತಿಂಗಳಿಗೊಮ್ಮೆ ಸೀಮೆಎಣ್ಣೆ ಹಚ್ಚಿ ಒರೆಸುವುದು. ಅಪ್ಪ ಕತ್ತಲಲ್ಲೂ ನೋಡದೆ ಕೈ ಹಾಕಿ ಬೇಕಾದ್ದನ್ನೇ ತೆಗೆಯುತ್ತಿದ್ದರು. "ನಮ್ಮ ಪುಟ್ಟಿ ಇಟ್ಟಮೇಲೆ ನೋಡೋದೇನಿದೆ" ಎಂದು ಒಮ್ಮೆ ಯಾರಿಗೋ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. ಶಾಲೆಯಲ್ಲಿ ಮೊದಲ ರ‍್ಯಾಂಕು ಬಂದಾಗಲೂ ನಾನು ಅಷ್ಟು ಬೀಗಿರಲಿಲ್ಲ.

ದೋಣಿ ಬಂದದ್ದು ಒಂದು ಹಾಳೆಯಿಂದ. ವರ್ಗವಾಗಿ ಹೋಗುತ್ತಿದ್ದ ಇಂಜಿನಿಯರೊಬ್ಬರು ಹಳೇ ಇಂಗ್ಲಿಷ್ ಪತ್ರಿಕೆಗಳ ಕಟ್ಟನ್ನು ಅಪ್ಪನಿಗೆ ಕೊಟ್ಟು ಹೋದರು. ಅದರಲ್ಲಿ ಎಂಟಡಿ ಉದ್ದ, ನಾಲ್ಕಡಿ ಅಗಲದ ಪುಟ್ಟ ಹಾಯಿದೋಣಿಯ ನಕ್ಷೆ ಇತ್ತು. ಅಪ್ಪನಿಗೆ ಇಂಗ್ಲಿಷು ಅಷ್ಟಕ್ಕಷ್ಟೆ. ನಕ್ಷೆ ಮಾತ್ರ ತಾಯಿನುಡಿಯಷ್ಟೇ ಸಲೀಸು. ಎರಡು ವರ್ಷ ಆ ಹಾಳೆಯನ್ನು ಅಂಗಿಯ ಜೇಬಿನಲ್ಲೇ ಮಡಿಸಿಟ್ಟುಕೊಂಡು ಓಡಾಡಿದರು. ಯಾಕಪ್ಪಾ ದೋಣಿ ಎಂದರೆ ಹೇಳಿದರು:

"ಇಡೀ ದಿನ ಗರಗಸದ ಮಿಷನ್ ಮುಂದೆ ನಿಂತಿರ‍್ತೀನಿ. ಸದ್ದೇ ಇಲ್ದೆ ಒಂದು ವಸ್ತು ಮುಂದೆ ಹೋಗೋದು ಅಂದ್ರೆ ಹೆಂಗಿರುತ್ತೆ, ಒಂದ್ಸಲ ನೋಡ್ಬೇಕು ಪುಟ್ಟಿ."

ಆ ವರ್ಷ ಚಳಿ ಶುರುವಾಗುವ ಹೊತ್ತಿಗೆ ಪ್ಲೈವುಡ್ ಬಂತು. ಮೂರು ವಾರ, ಪ್ರತಿ ಸಂಜೆ, ವರಾಂಡದಲ್ಲಿ ಕೆಲಸ. ಮರದ ಹೊಟ್ಟು, ಅಂಟು, ಟರ್ಪೆಂಟೈನು ಮೂರೂ ಸೇರಿದ ಆ ವಾಸನೆ ನನ್ನ ಜಡೆಯಲ್ಲೂ ಇರುತ್ತಿತ್ತು. ಅಮ್ಮ ಹೊಲಿಗೆ ಮಿಷನ್ನಿನಲ್ಲಿ ಬಿಳಿ ಬಟ್ಟೆಯ ಹಾಯಿ ಹೊಲಿಯುತ್ತಾ, "ಈ ಬಟ್ಟೇಲಿ ಇಡೀ ಲೈನಿನ ಹೆಣ್ಮಕ್ಕಳಿಗೆ ಲಂಗ ಹೊಲೀಬೋದಿತ್ತು" ಎನ್ನುತ್ತಿದ್ದಳು. ಆದರೂ ಅಂಚನ್ನು ಎರಡು ಸಲ ಮಡಿಸಿ ಹೊಲಿದಳು.

ದೋಣಿಯನ್ನು ಬಿಡುವುದು ಶಿವಮೊಗ್ಗದ ಆಚೆ, ಗಾಜನೂರಿನ ಹಿನ್ನೀರಿಗೆ. ಕೊಂಡೊಯ್ಯುವವನು ಅಮ್ಮನ ತಮ್ಮ ಶಂಕರ ಮಾವ. ಶಿವಮೊಗ್ಗದ ವಿದ್ಯಾನಗರದಲ್ಲಿದ್ದು ಔಷಧಿ ಅಂಗಡಿ ನಡೆಸುತ್ತಿದ್ದ. ಹಳೇ ಅಂಬಾಸಿಡರ್ ಕಾರು, ಅದಕ್ಕಿಂತ ಹಳೇ ಜೋಕುಗಳು. ಅಪ್ಪ ನಕ್ಷೆಯ ಅಳತೆ ಬರೆದು ಕಳಿಸಿದ್ದರು. ಅದರಂತೆ ಮಾವ ಅಲ್ಲಿನ ಹೊಸಮನೆ ಬಡಾವಣೆಯ ಒಬ್ಬ ವೆಲ್ಡರನ ಹತ್ತಿರ ಕಾರಿನ ಮೇಲಿಡುವ ಕ್ಯಾರಿಯರ್ ಮಾಡಿಸಿದ್ದ. ದೋಣಿಯನ್ನು ಬೋರಲು ಹಾಕಿದರೆ ಎರಡು ಕಬ್ಬಿಣದ ಪಟ್ಟಿಗಳ ನಡುವೆ ಪೆಟ್ಟಿಗೆಗೆ ಮುಚ್ಚಳ ಕೂತಂತೆ ಕೂರಬೇಕು.

ಭಾನುವಾರ ಎಂಟಕ್ಕೆ ಮಾವ ಬಂದ. ಪಕ್ಕದ ಮನೆಯವರು ನಾಲ್ಕು ಜನ ಸೇರಿ ದೋಣಿ ಎತ್ತಿದರು. ಅದು ಕೂರಲಿಲ್ಲ. ಒಂದು ಕಡೆ ಇಳಿಸಿದರೆ ಇನ್ನೊಂದು ಕಡೆ ಪಟ್ಟಿಯ ಮೇಲೇರಿ ನಿಲ್ಲುತ್ತಿತ್ತು.

"ಒಂದಿಂಚು ಭಾವ, ಬರೀ ಒಂದಿಂಚು!" ಮಾವ ಹಣೆ ಒರೆಸಿಕೊಂಡ. "ಆ ವೆಲ್ಡರು ಟೀ ಕುಡೀತಾ ಅಳತೆ ತಗೊಂಡಿದಾನೆ. ಬಿಡಿ, ದಾರೀಲೇ ಅವನಂಗಡಿ. ಬಿಸಿ ಮಾಡಿ ಅಗಲ ಮಾಡಿಸೋಣ. ಅಕ್ಕಾ, ಒಂದು ಹಳೇ ಹಾಸಿಗೆ ಕೊಡು."

"ನನ್ ಹಾಸಿಗೆ ದೋಣಿಗೆ ಯಾಕೆ? ನಿನ್ ಹೆಂಡ್ತೀದು ತರ್ಬೇಕಿತ್ತು."

ಕೊನೆಗೆ ಅಮ್ಮ ಎರಡು ಗೋಣಿಚೀಲಕ್ಕೆ ಹುಲ್ಲು ತುಂಬಿ ಕೊಟ್ಟಳು. ಅದರ ಮೇಲೆ ದೋಣಿಯನ್ನು ಬೋರಲು ಹಾಕಿ, ಕಿಟಕಿಗಳಿಂದ ಒಳಕ್ಕೂ ಹೊರಕ್ಕೂ ತೆಂಗಿನ ಹಗ್ಗ ಸುತ್ತಿ ಸುತ್ತಿ ಕಟ್ಟಿದರು. ಹಾಯಿಯ ಬಿದಿರು ಕೋಲು ಪಕ್ಕಕ್ಕೆ. ಅಮ್ಮ ಪುಳಿಯೋಗರೆಯ ಡಬ್ಬಿ ನನ್ನ ತೊಡೆಯ ಮೇಲಿಟ್ಟಳು. ಬಾಗಿಲು ತೆಗೆಯಲು ಹಗ್ಗ ಬಿಡುತ್ತಿರಲಿಲ್ಲವಾದ್ದರಿಂದ ಮೂವರೂ ಕಿಟಕಿಯಿಂದಲೇ ಒಳಗೆ ನುಸುಳಿದ್ದೆವು. ಅಪ್ಪನ ಕಣ್ಣು ಆ ಒಂದಿಂಚಿನ ಮೇಲೇ ಇತ್ತು.

ಆ ಪ್ರಯಾಣವನ್ನು ನಾನು ಇವತ್ತಿಗೂ ನಿದ್ದೆಯಲ್ಲಿ ಮಾಡುತ್ತೇನೆ. ಕಾರಿನ ಗಾಜಿನ ಮುಂದೆ ದೋಣಿಯ ಮೂತಿ ಚಾಚಿಕೊಂಡು ಒಳಗೆಲ್ಲ ತಂಪು ನೆರಳು. ಮಾವ ಇಪ್ಪತ್ತರ ವೇಗ ದಾಟಿಸುತ್ತಿರಲಿಲ್ಲ. ಊರು ದಾಟಿ ಗದ್ದೆ ಬಯಲು ಬಂದಾಗ ತಲೆಯ ಮೇಲೆ ಒಂದು ಗುಂಯ್ ಸದ್ದು ಹುಟ್ಟಿತು. ದೋಣಿಯ ಟೊಳ್ಳಿನಲ್ಲಿ ಗಾಳಿ ಹೊಕ್ಕು ಸುತ್ತುತ್ತಿತ್ತು. ದೊಡ್ಡ ಶಂಖವೊಂದನ್ನು ಯಾರೋ ದೂರದಲ್ಲಿ, ಮುಗಿಸಲು ಮನಸ್ಸಿಲ್ಲದೆ, ಊದುತ್ತಿದ್ದ ಹಾಗೆ. ನಾನು ಕಿಟಕಿಯಿಂದ ಕತ್ತು ಹೊರಳಿಸಿ ನೋಡಿದೆ. ದೋಣಿಯ ತಳ ಆಕಾಶಕ್ಕೆ ತಾಗಿತ್ತು. ಮೋಡಗಳು ಅದರ ಅಂಚನ್ನು ಸವರಿಕೊಂಡು ಹಿಂದಕ್ಕೆ ಸರಿಯುತ್ತಿದ್ದವು. ದೋಣಿ ಆಗಲೇ ನೀರಿನಲ್ಲಿದೆ, ಆಕಾಶವೇ ಆ ನೀರು, ನಾವು ಮೂವರು ಅದಕ್ಕೆ ಜೋತುಬಿದ್ದು ತಲೆಕೆಳಗಾಗಿ ತೇಲುತ್ತಿದ್ದೇವೆ ಎನಿಸಿತು. ಎಷ್ಟು ಹೊತ್ತು ಹಾಗೇ ಇದ್ದೆನೋ. ರಸ್ತೆ ಬದಿಯ ಮರಗಳೆಲ್ಲ ಬೇರು ಮೇಲಾಗಿ ಹಾದುಹೋದವು.

"ಏನ್ ಸ್ವಾಮಿ, ಪ್ರಳಯ ಆಗುತ್ತಾ?" ಶಿವಮೊಗ್ಗದ ಬಿ.ಎಚ್. ರಸ್ತೆಯಲ್ಲಿ ಒಬ್ಬ ಸೈಕಲ್ಲಿನವನು ನಮ್ಮ ಜೊತೆಜೊತೆಗೇ ತುಳಿಯುತ್ತಾ ಕೇಳಿದ.

"ಹೌದು ಮಾರಾಯ. ನಿಂಗೆ ಸೀಟಿಲ್ಲ!" ಮಾವ ಕೂಗಿದ.

ವೆಲ್ಡರ್ ಸಲೀಂ ಭಾಯಿ ಭಾನುವಾರದ ಅರ್ಧ ದಿನ ಮುಗಿಸಿ ಅಂಗಡಿ ಮುಚ್ಚುವ ಹೊತ್ತು. ಮಾವ ತಮಾಷೆಗೇ ಜಗಳ ತೆಗೆದ. ಸಲೀಂ ಭಾಯಿ ಬೀಡಿ ಆರಿಸಿ, ಟೇಪು ತಂದು, ಕ್ಯಾರಿಯರಿನ ಪಟ್ಟಿಯಿಂದ ಪಟ್ಟಿಗೆ ಎಳೆದು ತೋರಿಸಿದ.

"ನೋಡಿ ಸಾಬ್. ನಿಮ್ ಚೀಟೀಲಿ ಏನಿದೆ, ಇಲ್ಲೂ ಅದೇ. ನಮ್ದು ನಾಪು ಬರಾಬರ್. ನಿಮ್ ದೋಣೀನೇ ದಪ್ಪ ಆಗಿದೆ."

ಅಪ್ಪ ಕಿಟಕಿಯಿಂದ ಇಳಿದರು. ದೋಣಿಯ ಸಾಮಾನಿನ ಜೊತೆ ತಂದಿದ್ದ ಸ್ಕೇಲನ್ನು ತೆಗೆದು, ಸಲೀಂ ಭಾಯಿಯ ಟೇಪಿನ ಪಕ್ಕ ಕಾರಿನ ಬಾನೆಟ್ಟಿನ ಮೇಲಿಟ್ಟರು. ಟೇಪಿನಲ್ಲಿ ಒಂದು ಅಡಿ ಮುಗಿದಿತ್ತು. ಸ್ಕೇಲಿನಲ್ಲಿ ಇನ್ನೂ ಕಾಲಿಂಚು ಇತ್ತು.

ಅಪ್ಪ ಸ್ಕೇಲನ್ನು ತಿರುಗಿಸಿ ಅದರ ತುದಿಯ ತೂತನ್ನು ನೋಡಿದರು. "ಇದರಲ್ಲಿ ಕೆಂಪು ದಾರ ಇತ್ತಲ್ಲ" ಎಂದರು, ಯಾರಿಗೂ ಅಲ್ಲ ಎನ್ನುವಂತೆ.

ಆ ದಾರವನ್ನು ಕತ್ತರಿಸಿದ್ದು ನಾನು. ಮೂರು ವಾರದ ಹಿಂದೆ ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ಒರೆಸುವಾಗ, ಕೈಚೀಲದ ಸ್ಕೇಲನ್ನೂ ತೆಗೆದು ಒರೆಸಿದ್ದೆ. ಅದಕ್ಕೆ ಜಿಡ್ಡು ಹಿಡಿದ ಒಂದು ದಾರ ಕಟ್ಟಿತ್ತು, ಅದು ಗುರುತಿಗೆ ಎಂದು ನನಗೆ ಹೊಳೆದಿರಲಿಲ್ಲ. ಅಚ್ಚುಕಟ್ಟಾಗಿ ಕಾಣಲಿಲ್ಲವೆಂದು ಕತ್ತರಿಸಿ ಎಸೆದೆ. ಆಮೇಲೆ ಥಳಥಳ ಹೊಳೆಯುವ ಎರಡು ಸ್ಕೇಲುಗಳಲ್ಲಿ ಒಂದನ್ನು ಹಲಗೆಗೆ, ಒಂದನ್ನು ಚೀಲಕ್ಕೆ ಹಾಕಿದೆ. ಯಾವುದು ಎಲ್ಲಿಗೆ ಎಂಬ ಪ್ರಶ್ನೆಯೇ ಬರಲಿಲ್ಲ.

ಅಪ್ಪ ಮೆಲ್ಲಗೆ ಹೇಳಿದರು: "ಶಂಕರ, ಮನೇಲಿ ಇದು ಇತ್ತು ಅಂದ್ರೆ ಫ್ಯಾಕ್ಟರೀಲಿ ನನ್ ಕೈಲಿ ಮಾಮೂಲಿ ಸ್ಕೇಲಿತ್ತು. ಒಂದು ನಾಲ್ಕಡಿ ಚಕ್ರದ ಪ್ಯಾಟರ್ನ್ ಅದ್ರಲ್ಲೇ ಮಾಡಿದೀನಿ. ಇಲ್ಲಿ ದೋಣಿ ಒಂದಿಂಚು ದೊಡ್ಡದಾಗಿದ್ರೆ, ಅಲ್ಲಿ ಚಕ್ರ ಒಂದಿಂಚು ಚಿಕ್ಕದಾಗುತ್ತೆ. ಇವತ್ತು ಒಂದು ಗಂಟೆಗೆ ಉಕ್ಕು ಹೊಯ್ತಾರೆ."

ಹನ್ನೊಂದೂಕಾಲು ಆಗಿತ್ತು. ಎದುರಿನ ಎಸ್‌ಟಿಡಿ ಬೂತಿನಿಂದ ಅಪ್ಪ ನಾಲ್ಕು ಸಲ ಫೋನು ಹಚ್ಚಿದರು. ಪ್ಯಾಟರ್ನ್ ಶಾಪಿನಲ್ಲಿ ಭಾನುವಾರ ಎತ್ತುವವರಿಲ್ಲ. ಎರಕದ ಶೆಡ್ಡಿನದು ಎಂಗೇಜು. ದೋಣಿ ಇಳಿಸಿ ಹೋಗೋಣವೆಂದರೆ ಆ ಹಗ್ಗದ ಗಂಟುಗಳನ್ನು ಬಿಚ್ಚಲು ಅರ್ಧ ಗಂಟೆ ಬೇಕು. ಮಾವ ಒಂದೂ ಜೋಕು ಹೇಳದೆ ಕಾರು ತಿರುಗಿಸಿದ.

ಬರುವಾಗ ಗುಂಯ್ ಎನ್ನುತ್ತಿದ್ದದ್ದು ಈಗ ಮೊರೆಯುತ್ತಿತ್ತು. ಹಗ್ಗಗಳು ಕಿರುಗುಟ್ಟುತ್ತಿದ್ದವು. ನಾನೂ ಮಾವನೂ ಒಂದೊಂದು ಕೈ ಹೊರಹಾಕಿ ದೋಣಿಯ ಅಂಚು ಹಿಡಿದಿದ್ದೆವು. ಅಪ್ಪ ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಸ್ಕೇಲು ಇಟ್ಟುಕೊಂಡು ಕೂತಿದ್ದರು. ಹೇಳಿದರೆ ಆ ಹಲಗೆ ನನ್ನ ಕೈಯಿಂದ ಹೋಗುತ್ತದೆ. ಹೇಳದಿದ್ದರೆ ಅಪ್ಪ ತಾನೇ ಕೈತಪ್ಪಿ ಹಾಕಿಕೊಂಡೆ ಎಂದುಕೊಳ್ಳುತ್ತಾರೆ. ದಾರ ಸವೆದು ಬಿದ್ದಿತು ಎಂದುಕೊಳ್ಳುತ್ತಾರೆ. ಭದ್ರಾವತಿ ಹತ್ತಿರ ರೈಲ್ವೆ ಗೇಟು ಹಾಕಿತ್ತು. ಕಾರು ನಿಂತಿತು, ಮೊರೆತ ನಿಂತಿತು. ಆ ನಿಶ್ಶಬ್ದವನ್ನು ತಾಳಲಾರದೆ ಹೇಳಿಬಿಟ್ಟೆ.

"ಅಪ್ಪಾ, ದಾರ ಕಿತ್ತಿದ್ದು ನಾನು. ಒರೆಸಿ ಇಡುವಾಗ ಅದಲುಬದಲು ಆಗಿದೆ."

ಅಪ್ಪ ತಿರುಗಿದರು. ಬೈಗುಳಕ್ಕೆ ನಾನು ಕಣ್ಣುಮುಚ್ಚಿದ್ದೆ.

"ಯಾವತ್ತು?"

"ಆಂ?"

"ಯಾವ ದಿನ ಒರೆಸಿದ್ದು? ಸರಿಯಾಗಿ ನೆನಪು ಮಾಡ್ಕೋ. ಆ ಸೋಮವಾರ ಇನ್ನೊಂದು ಪ್ಯಾಟರ್ನ್ ಮುಗಿಸಿ ಕೊಟ್ಟಿದೀನಿ. ಅದು ಎರಕ ಆಗಿ ಹೊರಗೂ ಹೋಯ್ತು."

ನೆನಪು ಮಾಡಿಕೊಳ್ಳಬೇಕಾಗಿಯೇ ಇರಲಿಲ್ಲ. "ಮಂಗಳವಾರ. ಬುಧವಾರ ಬಿಳಿ ಯೂನಿಫಾರ್ಮು ಅಂತ ಶೂಗೆ ಬಿಳಿ ಹಚ್ಚಿ ಒಣಗಕ್ಕೆ ಇಟ್ಟು, ಆಮೇಲೆ ಒರೆಸಿದ್ದು. ಸೋಮವಾರ ಅಲ್ವೇ ಅಲ್ಲ."

ಅಪ್ಪ ಉಸಿರು ಬಿಟ್ಟರು. "ಹಂಗಾದ್ರೆ ಚಕ್ರ ಒಂದೇ" ಎಂದು ಮುಂದೆ ತಿರುಗಿದರು. ರೈಲು ಹಾದುಹೋಯಿತು. ಕಿಟಕಿಗಳಲ್ಲಿದ್ದವರೆಲ್ಲ ದೋಣಿ ನೋಡಿ ಕೈಬೀಸಿದರು. ಒಂದು ಮಗು ಬಾಯಿ ತೆರೆದುಕೊಂಡೇ ಹೋಯಿತು.

ಕಾರ್ಖಾನೆಯ ಗೇಟು ಮುಟ್ಟಿದಾಗ ಹನ್ನೆರಡೂವರೆ ದಾಟಿತ್ತು. ಕಾವಲಿನವನು ದೋಣಿಯನ್ನು ಎರಡು ಸುತ್ತು ಹಾಕಿ, "ಇದನ್ನ ಒಳಗೆ ಬಿಡಲ್ಲ ಮೂರ್ತಿಯವ್ರೇ" ಎಂದ. ಮನುಷ್ಯ ಹೋಗಬೇಕಾದರೆ ರಿಜಿಸ್ಟರಿನಲ್ಲಿ ಬರೆಯಬೇಕು. ರಜೆಯ ದಿನ ಬಂದ ಕಾರಣವನ್ನೂ ಬರೆಯಬೇಕು. ನಾನು ಅಪ್ಪನ ಪಕ್ಕದಲ್ಲೇ ನಿಂತಿದ್ದೆ. ಕಾರಣ ಎಂಬ ಕಡೆ ಅಪ್ಪ ದುಂಡಗೆ ಬರೆದರು: 'ಅಳತೆಯಲ್ಲಿ ನನ್ನ ತಪ್ಪು.'

"ಅಪ್ಪಾ, ಅದು ನಾನು..."

"ಅಳೆದಿದ್ದು ಯಾರು? ನಾನು. ನೋಡದೆ ಅಳೆದೆ." ಪೆನ್ನು ಮುಚ್ಚಿಟ್ಟು ಒಳಗೆ ಓಡಿದರು. ಅಪ್ಪ ಓಡಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ನಾವು ಗೇಟಿನ ಹೊರಗೆ ಮಳೆಮರದ ಕೆಳಗೆ ಕಾದೆವು. ಪುಳಿಯೋಗರೆ ಡಬ್ಬಿಯನ್ನು ಯಾರೂ ಮುಟ್ಟಲಿಲ್ಲ. ಉಕ್ಕು ಹೊಯ್ದರೆ ಶೆಡ್ಡಿನ ಮೇಲೆ ಕೆಂಪು ಮಿಶ್ರಿತ ಹೊಗೆ ಏಳುತ್ತದೆಂದು ಕ್ವಾರ್ಟರ್ಸಿನ ಮಕ್ಕಳಿಗೆಲ್ಲ ಗೊತ್ತು. ನಾನು ಆ ತಗಡಿನ ಮಾಡನ್ನೇ ನೋಡುತ್ತಿದ್ದೆ. ಮಾವನ ಕೈಗಡಿಯಾರದಲ್ಲಿ ಒಂದಾಯಿತು. ಒಂದೂ ಹತ್ತಾಯಿತು. ಹೊಗೆ ಏಳಲಿಲ್ಲ. ಒಂದೂವರೆ. ಮಾಡಿನ ಮೇಲೆ ಪಾರಿವಾಳಗಳು ನೆಮ್ಮದಿಯಾಗಿ ಓಡಾಡುತ್ತಿದ್ದವು.

ಎರಕದ ಶೆಡ್ಡಿನ ಫೋರ್‌ಮನ್ ಮುರುಗೇಶನ್ ಹೊರಗೆ ಬಂದರು. ಮೈಯೆಲ್ಲ ಕರಿ ಮರಳು. ದೋಣಿ ಕಂಡು ನಿಂತೇಬಿಟ್ಟರು. "ಅಯ್ಯಯ್ಯೋ, ಮೂರ್ತಿ ನಿಜವಾಗ್ಲೂ ಕಪ್ಪಲ್ ಕಟ್ಟಿದಾನಾ!" ಕಪ್ಪಲ್ ಎಂದರೆ ಅವರ ತಮಿಳಿನಲ್ಲಿ ಹಡಗು. ಆಮೇಲೆ ಮಾವನಿಗೆ ಹೇಳಿದರು: "ಅಚ್ಚು ಒಡೆದ್ವಿ ಸಾರ್. ನಮ್ ಹುಡುಗರ ನಾಲ್ಕು ದಿನದ ಕೆಲಸ ಹೋಯ್ತು, ಚೆನ್ನಾಗಿ ಬೈತಾ ಇದಾರೆ. ಬೈಲಿ. ಉಕ್ಕು ಉಳೀತಲ್ಲ. ಅವನು ಈಗ್ಲೇ ಮರ ತಿದ್ದಕ್ಕೆ ಕೂತ. ನೀವು ಮನೆಗೆ ಹೋಗಿ ಅಂದ."

ಅಪ್ಪನಿಗೆ ಆ ವಾರ ಮೇಲಿನವರಿಗೆ ಲಿಖಿತ ವಿವರಣೆ ಕೊಡಬೇಕಾಯಿತು. ಅದನ್ನೂ ಅದೇ ದುಂಡಕ್ಷರದಲ್ಲಿ ಬರೆದರು. ನನಗೆ ಒಂದು ಮಾತೂ ಅನ್ನಲಿಲ್ಲ. ಅದೇ ಕಷ್ಟವಾಗಿತ್ತು. ನಾನು ವರಾಂಡದ ಹಲಗೆಯ ಹತ್ತಿರ ಸುಳಿಯಲಿಲ್ಲ. ಸಂಜೆ ಅಪ್ಪನೇ ಉಳಿ, ಗರಗಸಗಳನ್ನು ತೂಗುಹಾಕುವ ಸದ್ದು ಒಳಗಿಂದ ಕೇಳಿಸಿಕೊಳ್ಳುತ್ತಿದ್ದೆ. ಒಂದೊಂದೂ ಮೊಳೆಗೆ ತಾಗುವಾಗ ನನ್ನ ಹೆಸರನ್ನು ಎಲ್ಲಿಂದಲೋ ಹೊಡೆದುಹಾಕಿದ ಹಾಗೆ. ಅಪ್ಪ ನನ್ನನ್ನು ಇನ್ನು ನಂಬುವುದಿಲ್ಲ ಎಂದು ನಾನು ಖಚಿತವಾಗಿ ತಿಳಿದಿದ್ದೆ. ಶಾಲೆಯಲ್ಲಿ ಬುಧವಾರದ ಬಿಳಿ ಶೂಗಳನ್ನು ನೋಡಿಯೂ ಅಳು ಬಂತು.

ಮುಂದಿನ ಭಾನುವಾರ, ಅಗಲ ಮಾಡಿಸಿದ ಕ್ಯಾರಿಯರಿನಲ್ಲಿ, ದೋಣಿ ಗಾಜನೂರು ಮುಟ್ಟಿತು. ಹಿನ್ನೀರು ತುಂಬಿ ನಿಂತಿತ್ತು. ಬಿಸಿಲು ಹಿತವಾಗಿತ್ತು, ನೀರಿಗೆ ಹಸಿ ಹುಲ್ಲಿನ ವಾಸನೆ ಇತ್ತು. ಮಾವ ಪ್ಯಾಂಟು ಮಡಿಸಿ, ಮೊಣಕಾಲುದ್ದ ನೀರಿಗಿಳಿದು ದೋಣಿ ಹಿಡಿದುಕೊಂಡ. ಅಪ್ಪ ಬಿದಿರು ನಿಲ್ಲಿಸಿ ಹಾಯಿ ಕಟ್ಟಿದರು. ನಾನು ದಡದಲ್ಲಿ ಚಪ್ಪಲಿಗಳನ್ನು ಸಾಲಾಗಿ ಜೋಡಿಸುತ್ತಾ ನಿಂತಿದ್ದೆ.

"ಬಾ ಪುಟ್ಟಿ. ಹಿಂದೆ ಕೂತ್ಕೋ."

ಹಿಂದೆ ಎಂದರೆ ಚುಕ್ಕಾಣಿಯ ಹತ್ತಿರ. "ನಂಗೆ ಬರಲ್ಲ ಅಪ್ಪಾ" ಎಂದೆ.

"ನಂಗೂ ಬರಲ್ಲ. ಆ ಕೋಲು ಹಿಡ್ಕೋ. ಆ ಒಂಟಿ ಮರ ಕಾಣುತ್ತಲ್ಲ, ಅತ್ಲಾಗಿ ನಡೆಸು."

ಮಾವ ದೋಣಿಯನ್ನು ತಳ್ಳಿಬಿಟ್ಟ. ಗಾಳಿ ಅಮ್ಮನ ಬಿಳಿ ಬಟ್ಟೆಯನ್ನು ಮೆಲ್ಲಗೆ ತುಂಬಿತು. ದೋಣಿ ಒಂದು ಕ್ಷಣ ಯೋಚಿಸಿದಂತೆ ನಿಂತು, ಆಮೇಲೆ ಹೊರಟಿತು. ಸದ್ದಿರಲಿಲ್ಲ. ದಡ, ಮಾವ, ಅಂಬಾಸಿಡರ್ ಕಾರು ಎಲ್ಲ ಯಾರೋ ಹಾಸಿಗೆಯ ಹೊದಿಕೆ ಎಳೆದಂತೆ ಹಿಂದಕ್ಕೆ ಜಾರಿದವು. ಅಪ್ಪ ಹಾಯಿಯ ಬುಡದಲ್ಲಿ, ನನಗೆ ಬೆನ್ನು ಹಾಕಿ, ಮುಂದಕ್ಕೆ ಮುಖ ಮಾಡಿ ಕೂತಿದ್ದರು. ಅಂಗಿಯ ಬೆನ್ನ ಮೇಲೆ ಎಲೆಯ ನೆರಳಿನಂಥ ಬೆವರಿನ ಕಲೆ. ನಾನು ಎರಡು ಸಲ ತಪ್ಪು ಕಡೆಗೆ ಕೋಲು ನೂಕಿದೆ. ದೋಣಿ ವಾಲಿತು, ನೀರು ಅಂಚಿನವರೆಗೆ ಬಂತು. ಅಪ್ಪನ ಕೈ ಪಕ್ಕದ ಹಲಗೆಯನ್ನು ಬಿಗಿಯಾಗಿ ಹಿಡಿಯಿತು. ಆದರೆ ಆ ಒಂಟಿ ಮರ ಮುಟ್ಟುವವರೆಗೂ ಅವರು ಒಂದು ಸಲವೂ ತಿರುಗಿ ನನ್ನನ್ನು ನೋಡಲಿಲ್ಲ.

ಮನೆಗೆ ಬಂದ ಸಂಜೆ ಹಲಗೆಯ ಕೆಲಸಕ್ಕೆ ನಾನಾಗಿಯೇ ಮರಳಿದೆ.

ಆ ದೋಣಿ ಆಮೇಲೆ ನಾಲ್ಕೈದು ಸಲ ನೀರಿಗಿಳಿಯಿತು. ಮಾವ ಕಾರು ಮಾರಿದ ಮೇಲೆ ಅದನ್ನು ಹೊಳಲೂರು ಕಡೆಯ ಒಬ್ಬರಿಗೆ ಕೊಟ್ಟೆವು. ಪ್ಯಾಟರ್ನ್ ಶಾಪಿನ ಮರದ ಚಕ್ರಗಳನ್ನು ಈಗ ಯಾರೂ ಮಾಡುವುದಿಲ್ಲ. ಊರನ್ನು ಎಬ್ಬಿಸುವ ಸೈರನ್ನಿಗಾಗಿ ಯಾರೂ ಕಾಯುವುದಿಲ್ಲ. ಅಪ್ಪ ಹೋಗಿ ಬಹಳ ವರ್ಷಗಳಾದವು. ಇವು ಹೋಗುವಂಥವೇ, ಹೋದವು. ಅವುಗಳ ಲೆಕ್ಕ ಇಡುವುದು ನನಗೆ ಕಷ್ಟವಲ್ಲ.

ನಾನೀಗ ಒಂದು ಶಾಲೆಯ ಮುಖ್ಯೋಪಾಧ್ಯಾಯಿನಿ. ಪ್ರತಿ ಕಪಾಟಿಗೆ ಚೀಟಿ, ಪ್ರತಿ ಬೀಗದಕೈಗೆ ಸಂಖ್ಯೆ. ಅಚ್ಚುಕಟ್ಟಿಗೆ ನನ್ನ ಹೆಸರಿದೆ. ಅಪ್ಪನಿಂದ ಅಷ್ಟನ್ನೂ ಕಲಿತೆ. ಆದರೆ ತಪ್ಪು ಮಾಡಿದ ಮಗುವಿಗೋ, ಹೊಸ ಶಿಕ್ಷಕಿಗೋ ಮತ್ತೆ ಅದೇ ಕೆಲಸ ವಹಿಸಿ ಬಾಗಿಲ ಕಡೆ ನಡೆಯುವಾಗ ನನ್ನ ಕತ್ತು ತಾನಾಗಿ ಹಿಂದಕ್ಕೆ ಹೊರಳುತ್ತದೆ. ಸರಿಯಾಗಿ ಮಾಡುತ್ತಿದ್ದಾರೋ ಎಂದು ನೋಡುತ್ತೇನೆ. ಅವರೂ ನಾನು ನೋಡುವುದನ್ನು ನೋಡುತ್ತಾರೆ. ಎಷ್ಟೋ ಸಲ ಪ್ರಯತ್ನಿಸಿದ್ದೇನೆ. ನೋಡದೆ ಹೊಸ್ತಿಲು ದಾಟಲು ಒಂದು ದಿನವೂ ನನ್ನಿಂದ ಆಗಿಲ್ಲ.